ಮೇ ತಿಂಗಳಲ್ಲಿ ಯಾವ ಹಣ್ಣು ಕುಯ್ಯೋದು?

(ಗುರುತು ಸಿಗದಂತೆ ವಿವರ ಬದಲಿಸಿದೆ.)

ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರರು, ಐವತ್ತು ದಾಟಿದವರು. ನಿದ್ದೆಯಿಲ್ಲ, ತಮ್ಮನ ಫೋನ್ ಬಂದರೆ ಎದೆ ಹೊಡೆದುಕೊಳ್ಳುತ್ತದೆ ಎಂದು ಆಪ್ತಸಮಾಲೋಚನೆಗೆ ಬಂದರು. ತಂದೆ ತೀರಿದ ಮೇಲೆ ತೋಟ ಇವರ ಕೈಯಲ್ಲಿ. ತಮ್ಮ ಬೆಂಗಳೂರಿನಲ್ಲಿ, ಅಮೆರಿಕದ ಕಂಪನಿಯೊಂದರ ಕೆಲಸದಲ್ಲಿ. ಜಗಳ ಹತ್ತಿದ್ದು ತಮ್ಮನ ಒಂದೇ ಮಾತಿಗೆ: “ಮೇ ತಿಂಗಳಲ್ಲಿ ಯಾವ ಹಣ್ಣು ಕುಯ್ಯೋದು ಅಣ್ಣ?”

ಲೆಕ್ಕಕ್ಕೆಂದು ತಮ್ಮನಿಗೆ ಕಳಿಸಿದ ಕೂಲಿ ಚೀಟಿಯ ಫೋಟೋಗೆ ಅಣ್ಣ ಇಟ್ಟ ಹೆಸರು ‘ಕೂಲಿ 05-03-24’. ಮಾರ್ಚ್ 5, ರೋಬಸ್ಟಾ ತಳಿಯ ಕಾಫಿ ಕೊಯ್ಲು ಮುಗಿಯುವ ಹೊತ್ತು. ತಮ್ಮನ ಎಕ್ಸೆಲ್ ಅಮೆರಿಕದ ಕ್ರಮದ್ದು, ತಿಂಗಳು ಮೊದಲು. ಅಲ್ಲಿ ಅದು ಮೇ 3 ಆಯಿತು. ‘18-03-24’ ಇನ್ನೂ ಕೆಟ್ಟದ್ದು. ಹದಿನೆಂಟನೇ ತಿಂಗಳು ಇಲ್ಲವಲ್ಲ, ಎಕ್ಸೆಲ್ ಅದನ್ನು ತಾರೀಕೆಂದೇ ಒಪ್ಪದೆ ಬರೀ ಅಕ್ಷರವಾಗಿ ಎಡಕ್ಕೆ ಒರಗಿಸಿತ್ತು. ತಿಂಗಳವಾರು ಮೊತ್ತಕ್ಕೆ ಸೇರಲಿಲ್ಲ. ಕಳ್ಳತನದ ಗುಮಾನಿಗೆ ಇಷ್ಟು ಸಾಕಾಯಿತು. ಉಸಿರಾಟದ ಅಭ್ಯಾಸ ಆಮೇಲೆ ಹೇಳಿಕೊಡಬಹುದು, ಮೊದಲು ತಾರೀಕು ಸರಿಯಾಗಬೇಕಿತ್ತು.

ಕೊಟ್ಟ ಸಲಹೆ: ಫೈಲ್ ಹೆಸರು ವರ್ಷದಿಂದ ಶುರುವಾಗಲಿ, ಆಮೇಲೆ ತಿಂಗಳು, ದಿನ. ‘2024-03-05_ಕೂಲಿ_ರೋಬಸ್ಟಾ_01’. ಹೀಗಿದ್ದರೆ ಹೆಸರಿನ ಪ್ರಕಾರ ಜೋಡಿಸಿದರೂ ಕಾಲಕ್ರಮವೇ ಬರುತ್ತದೆ. 3 ಅಲ್ಲ, 03. ಇಲ್ಲದಿದ್ದರೆ ಕೆಲವು ಕಡೆ 10 ಬಂದು 3ರ ಮುಂದೆ ಕೂರುತ್ತದೆ. ಕನ್ನಡ ಅಂಕಿಯನ್ನೂ ಇಂಗ್ಲಿಷ್ ಅಂಕಿಯನ್ನೂ ಬೆರೆಸಬೇಡಿ. ಹೆಸರಿನಲ್ಲಿ ಓರೆಗೆರೆ (/) ಹಾಕಲು ವಿಂಡೋಸ್ ಬಿಡುವುದಿಲ್ಲ. ಬರೆಯಬೇಕಾದ್ದು ಚೀಟಿಯ ಮೇಲಿನ ತಾರೀಕು, ಸ್ಕ್ಯಾನ್ ಮಾಡಿದ ದಿನವಲ್ಲ. ವಾಟ್ಸಾಪ್ ಫೋಟೋದ ಹೆಸರಿನಲ್ಲಿರುವ ತಾರೀಕನ್ನೂ ನಂಬಬೇಡಿ, ಅದು ಫೋಟೋ ತೆಗೆದ ದಿನವಾಗಿರಬೇಕೆಂದಿಲ್ಲ. ಚೀಟಿ ಕಳಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಇಟ್ಟ ಹೆಸರು ಉಳಿಯುತ್ತದೆ.

ಫೋಲ್ಡರ್ ವಿಚಾರ ಸ್ವಲ್ಪ ತೊಡಕು. ‘2023’, ‘2024’ ಎಂದು ಮಾಡಿದರೆ ಡಿಸೆಂಬರ್ ಕೊಯ್ಲು ಒಂದು ಕಡೆ, ಜನವರಿಯದು ಇನ್ನೊಂದು ಕಡೆ. ಕಾಫಿ ವರ್ಷ ಅಕ್ಟೋಬರ್‌ನಿಂದ ಸೆಪ್ಟೆಂಬರ್. ಆಡಿಟರಿಗೆ ಬೇಕಾದ್ದು ಏಪ್ರಿಲ್‌ನಿಂದ ಮಾರ್ಚ್. ಎರಡಕ್ಕೂ ‘2023-24’ ಎಂದೇ ಹೇಳುತ್ತೇವೆ, ಎಡವಟ್ಟು ಇಲ್ಲೇ. ‘2023-24_ಕೊಯ್ಲು’ ಎಂದು ಪದ ಸೇರಿಸಿ. ಆಡಿಟರಿಗೆ ಬೇರೆ ಫೋಲ್ಡರ್ ಬೇಡ. ಫೈಲ್ ಹೆಸರಲ್ಲೇ ತಾರೀಕಿದೆ, ‘2024-04’ ಎಂದು ಹುಡುಕಿದರೆ ಏಪ್ರಿಲ್‌ನವು ಸಿಗುತ್ತವೆ. ‘ಫೈನಲ್’, ‘ಫೈನಲ್ ಹೊಸದು’ ಬಿಟ್ಟು ವಿ1, ವಿ2 (ಒಂದನೇ, ಎರಡನೇ ಆವೃತ್ತಿ) ಎಂದಿಡಿ.

ಹಳೆಯದನ್ನೆಲ್ಲ ಸರಿಪಡಿಸಲು ಕೂತರೆ ಇವರ ನಿದ್ದೆ ಇನ್ನೂ ಹಾಳು. ಅಷ್ಟನ್ನೂ ‘00_ಹಳೆಯದು’ ಫೋಲ್ಡರಿಗೆ ತಳ್ಳಿ, ಕೈಗೆ ಬಂದದ್ದಕ್ಕೆ ಮಾತ್ರ ಹೆಸರಿಡಿ ಎಂದಿದ್ದೇವೆ. ಭಾನುವಾರ ಹತ್ತು ನಿಮಿಷ, ಜೊತೆಗೆ ಪೆನ್‌ಡ್ರೈವಿಗೆ ಒಂದು ಪ್ರತಿ.

ಮೂರನೇ ಭೇಟಿಗೆ ಮಾರ್ಚ್ ಲೆಕ್ಕ ತಾಳೆಯಾಗಿತ್ತು. ತಮ್ಮ “ತಪ್ಪಾಯ್ತು” ಅಂದಿಲ್ಲ, ಆದರೆ ಹೊಸ ಫೈಲಿಗೆ ಅದೇ ಕ್ರಮದಲ್ಲಿ ಹೆಸರಿಟ್ಟು ಕಳಿಸಿದ್ದಾರೆ. ತೋಟದ ಪಾಲಿನ ಮಾತು ಬೇರೆಯೇ ಇದೆ. ಅದಕ್ಕೆ ಇಬ್ಬರನ್ನೂ ಒಟ್ಟಿಗೆ ಬರಹೇಳಿದೆ.