ಯೇಟ್ಸನ ಕೋಟು ಬಿಚ್ಚಿಸಿದ್ದು ಯಾರು?

ಓದುಗರೊಬ್ಬರ ಪತ್ರ: “ಐರಿಷ್ ಕವಿ ಯೇಟ್ಸ್ ಮೊದಲು ಕನಸುಗಾರ ರಮ್ಯ ಕವಿ, ಅಮೆರಿಕದ ಕವಿ ಎಜ್ರಾ ಪೌಂಡ್ ಸಿಕ್ಕ ಮೇಲೆ ಆಡುಮಾತಿನ ನವ್ಯನಾದ ಎಂದು ನಮ್ಮ ಮೇಷ್ಟ್ರು ಹೇಳಿದರು. ಹಾಗಾದರೆ ಅವನ ‘ಇನ್ನಿಸ್‌ಫ್ರೀ’ ಪದ್ಯ ಓದುವುದು ದಂಡವೇ? ಜೊತೆಗೆ ನನ್ನದೊಂದು ಕವನ ಇಟ್ಟಿದ್ದೇನೆ.”

ಉತ್ತರ: ಧಾರಾಳವಾಗಿ ಓದಿ. ಕೇಳಿದ್ದು ಒಳ್ಳೆಯದಾಯಿತು, ಮೇಷ್ಟ್ರು ಹೇಳಿದ್ದನ್ನು ಹಾಗೇ ನುಂಗಿದ್ದು ಮಾತ್ರ ಸರಿಯಲ್ಲ.

ಪೌಂಡ್ ಏನೂ ಮಾಡಲಿಲ್ಲ ಅಂತಲ್ಲ. 1912ರಲ್ಲಿ ಯೇಟ್ಸನ ಪದ್ಯಗಳನ್ನು ಚಿಕಾಗೋದ ಪತ್ರಿಕೆಗೆ ಕಳಿಸುವಾಗ ಕೇಳದೇ ತಿದ್ದಿ ಬೈಸಿಕೊಂಡ. ಆಮೇಲೆ ಇಂಗ್ಲೆಂಡಿನ ಸಸೆಕ್ಸ್‌ನ ಮನೆಯೊಂದರಲ್ಲಿ ಮೂರು ಚಳಿಗಾಲ ಅವನ ಕಾರ್ಯದರ್ಶಿಯಾಗಿದ್ದ. ಅಷ್ಟು ಒಪ್ಪೋಣ.

ಆದರೆ ಇಸವಿ ನೋಡಿ. ಯೇಟ್ಸನ ‘ಆಡಮ್ಸ್ ಕರ್ಸ್’ ಪದ್ಯ ಅಚ್ಚಾಗಿದ್ದು 1902ರಲ್ಲಿ. ಆಗ ಪೌಂಡ್ ಅಮೆರಿಕದಲ್ಲಿ ಓದುತ್ತಿದ್ದ 17ರ ಹುಡುಗ! ಆ ಪದ್ಯದಲ್ಲಿ ಬೇಸಿಗೆಯ ಕೊನೆಗೆ ಮೂವರು ಕೂತು ಹರಟುತ್ತಾರೆ, ಅಷ್ಟೇ. ಒಂದು ಸಾಲಿಗೆ ಗಂಟೆಗಟ್ಟಲೆ ಹಿಡಿಯುತ್ತದೆ, ಆದರೂ ಅದು ಥಟ್ಟನೆ ಹೊಳೆದಂತೆ ಕಾಣದಿದ್ದರೆ ಹೊಲಿದು ಬಿಚ್ಚಿದ್ದೆಲ್ಲ ವ್ಯರ್ಥ ಅನ್ನುತ್ತಾನೆ ಕವಿ. ಅದಕ್ಕಿಂತ ಮಂಡಿಯೂರಿ ಅಡುಗೆಮನೆಯ ನೆಲ ಉಜ್ಜುವುದೇ ವಾಸಿಯಂತೆ. ಕನಸುಗಾರನ ಪದ್ಯಕ್ಕೆ ನೆಲ ಉಜ್ಜುವ ಮಾತು ಎಲ್ಲಿಂದ ಬಂತು?

ನನ್ನ ಕೇಳಿದರೆ, ನಾಟಕದಿಂದ. ಆ ಹೊತ್ತಿಗಾಗಲೇ ಅವನು ನಾಟಕಕ್ಕೆ ಬಿದ್ದಿದ್ದ. 1904ರಲ್ಲಿ ಡಬ್ಲಿನ್‌ನಲ್ಲಿ ಅವನೂ ಸೇರಿ ಕಟ್ಟಿದ ಆಬೀ ಥಿಯೇಟರ್ ತೆರೆಯಿತು. ನಟನ ಬಾಯಲ್ಲಿ ಸಾಲು ನಿಲ್ಲಬೇಕು ಅಲ್ವಾ? ಇನ್ನೊಂದು, ಸಿಟ್ಟು. ಚಿತ್ರ ಸಂಗ್ರಾಹಕ ಹ್ಯೂ ಲೇನ್ ಡಬ್ಲಿನ್‌ಗೆ ಕೊಡಲು ಮುಂದಾದ ಚಿತ್ರಗಳಿಗೆ ಗ್ಯಾಲರಿ ಕಟ್ಟಲು ಊರಿನ ಹಣವಂತರು ಮೀನಮೇಷ ಎಣಿಸಿದಾಗ ‘ಸೆಪ್ಟೆಂಬರ್ 1913’ ಬರೆದ. ಅದರಲ್ಲಿ ಜಿಡ್ಡುಗಟ್ಟಿದ ಗಲ್ಲಾಪೆಟ್ಟಿಗೆಯಲ್ಲಿ ಕೈ ತಡಕಾಡುತ್ತದೆ, ಪೆನ್ನಿ ಕಾಸಿಗೆ ಅರೆಪೆನ್ನಿ ಸೇರುತ್ತದೆ. ಮರುವರ್ಷದ ಸಂಕಲನದಲ್ಲಿ, ಪುರಾಣಗಳ ಕಸೂತಿ ಹಾಕಿದ ಹಳೇ ಕೋಟು ಬಿಸಾಕಿ ಬೆತ್ತಲೆ ನಡೆಯುವುದರಲ್ಲೇ ಗಟ್ಟಿತನವಿದೆ ಎಂದ.

ಅಷ್ಟಾಗಿಯೂ ಪ್ರಾಸ ಬಿಟ್ಟನೇ? ಇಲ್ಲ. ನೊಬೆಲ್ ಬಂದು ಎಂಟು ವರ್ಷದ ಮೇಲೆ, 1931ರ ಪದ್ಯದಲ್ಲೂ ‘ನಾವು ಕೊನೆಯ ರಮ್ಯರು’ ಅಂತಲೇ ಬರೆದ. ಈಗ ಅವನನ್ನು ಯಾವ ಡಬ್ಬಿಗೆ ತುಂಬುತ್ತೀರಿ? ನಮ್ಮ ಪರೀಕ್ಷೆ ಗೈಡುಗಳಿಗೆ ಮಾತ್ರ ಎಡಗಡೆ ರಮ್ಯ, ಬಲಗಡೆ ನವ್ಯ, ನಡುವೆ ಒಂದು ಗೀಟು. ಐದು ಮಾರ್ಕ್ಸ್.

ನಮ್ಮವರಿಗೆ ಇದೊಂದು ಚಾಳಿ. ಕವಿ ಬದಲಾದರೆ ಯಾರು ಬದಲಾಯಿಸಿದರು ಎಂದು ಹುಡುಕುತ್ತೇವೆ. ರಮ್ಯ ಸಂಕಲನ ‘ಭಾವತರಂಗ’ದ ಅಡಿಗರು ನವ್ಯ ಸಂಕಲನ ‘ಚಂಡೆಮದ್ದಳೆ’ಗೆ ಬಂದರೆ ಸೀದಾ ಇಂಗ್ಲಿಷ್ ಕವಿ ಎಲಿಯಟ್ ಹೆಸರು. ನಡುವಿನ ಎಂಟು ವರ್ಷ ಅಡಿಗರು ಸುಮ್ನೆ ಕೂತಿದ್ದರೇ?

ನಿಮ್ಮ ಕವನ ವಾಪಸ್ ಕಳಿಸಿದ್ದೇನೆ. ಮೂರನೇ ಸಾಲು ಚೆನ್ನಾಗಿದೆ. ಉಳಿದದ್ದರ ಹೊಲಿಗೆ ಬಿಚ್ಚಿ.