ಭರತನಾಟ್ಯ ಸೀನಿಯರ್ ಮುಗಿಸಿದವರಿಗೆ ಮೋಹಿನಿಯಾಟ್ಟಂ ಸುಲಭವೇ?

ಭರತನಾಟ್ಯದಲ್ಲಿ ಸೀನಿಯರ್ ಪಾಸಾಗಿದೆ, ಈಗ ಕೇರಳದ ನೃತ್ಯ ಮೋಹಿನಿಯಾಟ್ಟಂ ಬೇಗ ಕೈಗೆ ಹತ್ತುತ್ತದಾ ಎಂದು ಕೇಳಿದ್ದೀರಿ. ತಾಳಜ್ಞಾನ, ಅಭಿನಯದ ಅಭ್ಯಾಸ ಖಂಡಿತ ಉಪಯೋಗಕ್ಕೆ ಬರುತ್ತವೆ. ಮೈಯನ್ನು ಮಾತ್ರ ಮೊದಲಿಂದ ತಿದ್ದಬೇಕು. ಶುರುವಿನಲ್ಲಿ ಏನೂ ಕಲಿಯದೆ ಬಂದವರಿಗಿಂತ ನಿಮಗೇ ಹೆಚ್ಚು ಕಷ್ಟ ಅಂತ ನನ್ನ ಅಭಿಪ್ರಾಯ.

ದೊಡ್ಡ ತೊಡಕು ಸೊಂಟದಿಂದ ಮೇಲಿನ ಭಾಗದ್ದು. ಮಂಡಿ ಮಡಿಸಿ ಅರ್ಧ ಕೂತಂತೆ ನಿಲ್ಲುವ ಅರೆಮಂಡಿ ಇಲ್ಲೂ ಇದೆ, ಆದರೆ ಬೆನ್ನು ಕಂಬದಂತೆ ನಿಲ್ಲುವುದಿಲ್ಲ. ಮೈ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಸುತ್ತು ಹಾಕುತ್ತದೆ. ಸುತ್ತು ಹುಟ್ಟಬೇಕಾದ್ದು ಸೊಂಟದ ಮೇಲುಗಡೆ. ಎದೆ, ಭುಜ, ತಲೆ ಅದರ ಹಿಂದೆ ಬರುತ್ತವೆ. ಭರತನಾಟ್ಯದವರು ಸಾಮಾನ್ಯವಾಗಿ ಭುಜವನ್ನಷ್ಟೇ ತಿರುಗಿಸುತ್ತಾರೆ, ಇಲ್ಲವೇ ಸೊಂಟವನ್ನೇ ಪಕ್ಕಕ್ಕೆ ತಳ್ಳುತ್ತಾರೆ. ಕನ್ನಡಿ ಮುಂದೆ ಅರೆಮಂಡಿಯಲ್ಲಿ ಕೂತು, ಎರಡೂ ಕೈ ಸೊಂಟದ ಮೂಳೆಯ ಮೇಲಿಟ್ಟು ನಿಧಾನಕ್ಕೆ ಸುತ್ತು ಹಾಕಿ ನೋಡಿ. ಕೈಗಳು ಪಕ್ಕಕ್ಕೆ ಜಾರಿದರೆ ತಪ್ಪು ಅಲ್ಲೇ ಇದೆ. ಮೈ ತಗ್ಗುವಾಗ ಮಂಡಿ ಇನ್ನಷ್ಟು ಮಡಿಯಬೇಕು, ಏಳುವಾಗ ಸಡಿಲವಾಗಬೇಕು. ಎಲ್ಲೂ ಕುಕ್ಕು ಕಾಣಬಾರದು. ವಿಳಂಬದಲ್ಲಿ, ಅಂದರೆ ನಿಧಾನ ಗತಿಯಲ್ಲಿ, ಇದನ್ನು ಮಾಡುವಾಗ ತೊಡೆ ಹೇಗೆ ಉರಿಯುತ್ತದೆ ಅಂತ ಮೊದಲ ವಾರವೇ ಗೊತ್ತಾಗುತ್ತದೆ!

ಪಾದ ನೆಲಕ್ಕೆ ಬಡಿಯುವ ತಟ್ಟಡವಿನ ಪೆಟ್ಟನ್ನೂ ಬಿಡಬೇಕು. ಗೆಜ್ಜೆ ಕೇಳಿಸಬೇಕು, ನೆಲ ಕೇಳಿಸಬಾರದು. ಇನ್ನೊಂದು, ಅಡವಿನ (ಕೈಕಾಲುಗಳ ಮೂಲ ಚಲನೆಯ) ಕೊನೆಯಲ್ಲಿ ಗೆರೆ ಎಳೆದಂತೆ ನಿಲ್ಲುವ ಚಾಳಿ. ಇಲ್ಲಿ ಒಂದು ಅಡವು ಮುಗಿಯುವ ಜಾಗವೇ ಮುಂದಿನದರ ಆರಂಭ. ಅಲ್ಲಿ ನಿಂತಿರೋ, ಸೀರೆ ಬದಲಿಸಿದ ಭರತನಾಟ್ಯವಾಗುತ್ತದೆ. ಅಡವುಗಳನ್ನು ತಾಗಣಂ, ಜಗಣಂ, ಧಗಣಂ, ಸಮ್ಮಿಶ್ರಂ ಎಂಬ ನಾಲ್ಕು ಗುಂಪುಗಳಲ್ಲಿ ಕಲಿಸುತ್ತಾರೆ.

ಹಸ್ತಗಳಲ್ಲಿ, ಅಂದರೆ ಕೈಮುದ್ರೆಗಳಲ್ಲಿ, ಎಚ್ಚರ. ನೀವು ಬಾಯಿಪಾಠ ಮಾಡಿರುವುದು ಅಭಿನಯದರ್ಪಣ ಗ್ರಂಥದ 28 ಅಸಂಯುತ (ಒಂದೇ ಕೈಯ) ಹಸ್ತಗಳು. ಮೋಹಿನಿಯಾಟ್ಟಂ ಮುಖ್ಯವಾಗಿ ನೆಚ್ಚಿಕೊಂಡಿರುವುದು ಕಥಕಳಿಯಂತೆ ಹಸ್ತಲಕ್ಷಣದೀಪಿಕೆ ಎಂಬ ಗ್ರಂಥದ 24 ಮುದ್ರೆಗಳನ್ನು. ಹೆಸರು ಒಂದೇ ಇದ್ದರೂ ಕೈ ಬೇರೆ: ಅಲ್ಲಿ ಪತಾಕ ಅಂದರೆ ಉಂಗುರದ ಬೆರಳು ಮಡಿದಿರುತ್ತದೆ, ಅಂದರೆ ನಿಮ್ಮ ತ್ರಿಪತಾಕ. ಗುರುಗಳು ‘ಪತಾಕ’ ಎಂದಾಗ ಅಂಗೈ ಚಪ್ಪಟೆ ಮಾಡಿ ಹಿಡಿಯುವುದು ಎಲ್ಲರೂ ಮಾಡುವ ತಪ್ಪು. ಹಳೆಯ ಪಟ್ಟಿಗೆ ಹೋಲಿಸುತ್ತಾ ಕೂರುವ ಬದಲು ಹೊಸ ಪಟ್ಟಿಯನ್ನೇ ಬೇರೆಯಾಗಿ ಕಲಿಯಿರಿ.

ಕಛೇರಿಯ ಕ್ರಮ ನಿಮಗೆ ಪರಿಚಿತವೇ: ಚೊಲ್ಕೆಟ್ಟು, ಜತಿಸ್ವರ, ವರ್ಣ, ಪದ, ತಿಲ್ಲಾನ. ಭರತನಾಟ್ಯದಲ್ಲಿ ಆರಂಭದ ಅಲರಿಪ್ಪು ಇರುವ ಜಾಗದಲ್ಲಿ ಇಲ್ಲಿ ಚೊಲ್ಕೆಟ್ಟು, ಅಷ್ಟೇ. ತಿರುವಾಂಕೂರಿನ ಅರಸ ಸ್ವಾತಿ ತಿರುನಾಳರ ಪದಗಳನ್ನು (ಅಭಿನಯಕ್ಕೆ ಹಾಡುವ ರಚನೆಗಳನ್ನು) ಆಡುವುದು ಹೆಚ್ಚು; ಪದಾಭಿನಯ ಚೆನ್ನಾಗಿ ಬಂದಿದ್ದರೆ ನಿಮಗೆ ಲಾಭ ಸಿಗುವುದು ಇಲ್ಲೇ.

ಗುರುಗಳನ್ನು ಹುಡುಕುವಾಗ ಯಾವ ಬಾನಿ (ಶೈಲಿ) ಅಂತ ಮೊದಲೇ ಕೇಳಿ. ಕವಿ ವಳ್ಳತ್ತೋಳ್ 1930ರಲ್ಲಿ ಸ್ಥಾಪಿಸಿದ ಕಲಾಶಾಲೆ ಕಲಾಮಂಡಲಂನ ಬಾನಿ, ನೃತ್ಯಗುರು ಕಲ್ಯಾಣಿಕುಟ್ಟಿ ಅಮ್ಮ ಅವರ ಶಿಷ್ಯಪರಂಪರೆ, ನಾಟಕಕಾರ ಕಾವಾಲಂ ನಾರಾಯಣ ಪಣಿಕ್ಕರ್ ಪ್ರಭಾವದಿಂದ ಕೇರಳದ ದೇಗುಲಗಳ ಸೋಪಾನ ಸಂಗೀತಕ್ಕೆ ಹೊರಳಿದವರದು, ಇವು ಒಂದೇ ಅಲ್ಲ. ಸೋಪಾನದ ಕಡೆಯವರಲ್ಲಿ ಎಡಕ್ಕ ಎಂಬ ಚರ್ಮವಾದ್ಯ, ಕೇರಳದ ತಾಳಗಳು ಬರುತ್ತವೆ. ಕರ್ನಾಟಕ ಸಂಗೀತದ ಕಿವಿಗೆ ಒಗ್ಗಲು ಸಮಯ ಬೇಕು. ಒಂದರಲ್ಲಿ ಅಡವು ಗಟ್ಟಿಯಾಗುವವರೆಗೆ ಇನ್ನೊಂದರ ವಿಡಿಯೋ ನೋಡಿ ಅಭ್ಯಾಸ ಮಾಡಬೇಡಿ.

ಕಸವು, ಅಂದರೆ ಚಿನ್ನದ ಜರಿ ಅಂಚಿನ ಉಡುಪು ಹೊಲಿಸುವ ಆತುರ ಬೇಡ. ಅಭ್ಯಾಸಕ್ಕೆ ನಿಮ್ಮ ಹಳೆಯ ಹತ್ತಿ ಸೀರೆಯೇ ಸಾಕು.