ಹಸಿರುಗಟ್ಟಿದ ಕೆರೆಗೆ ಮದ್ದು ಕಾಲುವೆಯ ಬಾಯಲ್ಲಿ

ಪ್ರಶ್ನೆ: ನಮ್ಮೂರಿನ ಕೆರೆಯ ನೀರು ಗಾಢ ಹಸಿರಾಗಿದೆ. ಕಳೆದ ಬೇಸಿಗೆಯ ಒಂದು ಮುಂಜಾನೆ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಅಂತರಗಂಗೆಯನ್ನು ಮೂರು ಸಲ ತೆಗೆಸಿದರೂ ಮತ್ತೆ ಹಬ್ಬಿದೆ. ಹೂಳೆತ್ತಿಸಿ, ಸುತ್ತಲೂ ಕಲ್ಲಿನ ಗೋಡೆ ಕಟ್ಟಿಸಿದರೆ ನೀರು ತಿಳಿಯಾಗುವುದೇ?
— ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ಹೂಳೆತ್ತುವುದು ಬೇಕು, ಆದರೆ ಅದು ಮೊದಲ ಕೆಲಸವಲ್ಲ. ಊರಿನ ಬಚ್ಚಲ ನೀರು, ಶೌಚಗುಂಡಿಗಳಿಂದ ಉಕ್ಕಿದ ಕೊಳಚೆ, ತಿಪ್ಪೆಯ ಕಸರು ಮತ್ತು ಹೊಲದ ಗೊಬ್ಬರ ಕಾಲುವೆಗಳ ಮೂಲಕ ಕೆರೆಗೆ ಬಂದು ಸೇರುತ್ತಲೇ ಇದ್ದರೆ, ಅವುಗಳಲ್ಲಿನ ಸಾರಜನಕ ಮತ್ತು ರಂಜಕವನ್ನು ಉಂಡು ಪಾಚಿಯೂ ಅಂತರಗಂಗೆಯೂ ಎಷ್ಟು ತೆಗೆದರೂ ಮರಳಿ ಬರುತ್ತವೆ. ಕಿತ್ತ ಅಂತರಗಂಗೆಯನ್ನು ಏರಿಯ ಮೇಲೆಯೇ ಒಟ್ಟಿದ್ದರಂತೂ ಅದು ಕೊಳೆತು, ಹೀರಿಕೊಂಡಿದ್ದ ಸಾರವೆಲ್ಲ ಮೊದಲ ಮಳೆಗೇ ಕೆರೆಗೆ ಹಿಂದಿರುಗಿರುತ್ತದೆ.

ಮೀನು ಮುಂಜಾನೆಯೇ ಸತ್ತದ್ದು ಆಕಸ್ಮಿಕವಲ್ಲ. ಹಗಲಿನಲ್ಲಿ ಆಮ್ಲಜನಕ ಬಿಡುವ ಪಾಚಿ ರಾತ್ರಿಯಿಡೀ ಅದನ್ನು ಬಳಸುತ್ತದೆ. ಹೀಗಾಗಿ ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ನೀರಿನಲ್ಲಿ ಅದರ ಪ್ರಮಾಣ ಅತಿ ಕಡಿಮೆ ಇರುತ್ತದೆ. ಮೋಡ ಕವಿದ ದಿನಗಳ ನಂತರ ಇನ್ನೂ ಕುಸಿಯುತ್ತದೆ. ಮೀನುಗಾರಿಕೆಗೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕು. ಮಧ್ಯಾಹ್ನ ಪರೀಕ್ಷಿಸಿ ನೀರು ಚೆನ್ನಾಗಿದೆ ಎಂದು ಬರೆದುಕೊಟ್ಟ ವರದಿಯನ್ನು ನಂಬಬೇಡಿ, ಬೆಳಗಿನ ಆರು ಗಂಟೆಯ ಮಾದರಿಯನ್ನೇ ಕೇಳಿ.

ಆದ್ದರಿಂದ ಮೊದಲು ಕೆರೆಗೆ ಬೆನ್ನು ಹಾಕಿ ಕಾಲುವೆಗುಂಟ ಮೇಲಕ್ಕೆ ನಡೆಯಿರಿ. ಜೋರು ಮಳೆ ಬಂದ ದಿನ ಪ್ರತಿ ಕಾಲುವೆಯ ಬಾಯಲ್ಲೂ ಒಂದೊಂದು ಗಾಜಿನ ಬಾಟಲಿಯಲ್ಲಿ ನೀರು ಹಿಡಿದು ಸಾಲಾಗಿ ಇಟ್ಟು ನೋಡಿದರೆ, ಯಾವುದು ಕೆಮ್ಮಣ್ಣು ತರುತ್ತಿದೆ, ಯಾವುದರಲ್ಲಿ ಸೋಪಿನ ನೊರೆಯಿದೆ, ಯಾವುದು ನಾರುತ್ತಿದೆ ಎಂಬುದು ಊರಿನವರಿಗೆಲ್ಲ ಅಲ್ಲೇ ತಿಳಿಯುತ್ತದೆ. ಬಚ್ಚಲ ನೀರಿಗೆ ಮನೆಮನೆಗೂ, ಕುಡಿಯುವ ನೀರಿನ ಬಾವಿಗಳಿಂದ ದೂರದಲ್ಲಿ, ಇಂಗುಗುಂಡಿ ಮಾಡಿಸಿ. ಹೊಲಗಳ ಬದುಗಳನ್ನು ಗಟ್ಟಿಗೊಳಿಸಿ, ಮಳೆಯ ಮುನ್ಸೂಚನೆ ಇರುವ ದಿನ ಡಿಎಪಿ ಗೊಬ್ಬರ ಚೆಲ್ಲದಂತೆ ರೈತರಲ್ಲಿ ಕೇಳಿಕೊಳ್ಳಿ. ಚರಂಡಿ ಕೆರೆಗೆ ಸೇರುವ ಕಡೆ ಅಡ್ಡಗಟ್ಟೆ ಹಾಕಿ, ಜೊಂಡು ಬೆಳೆದ ತಗ್ಗಿನಲ್ಲಿ ನೀರು ನಿಧಾನವಾಗಿ ಹರಿಯುವಂತೆ ಮಾಡಿ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ, ಶುದ್ಧೀಕರಣ ಘಟಕದಿಂದ ಹೊರಬಂದ ನೀರನ್ನು ಕೂಡ ಇಂಥ ಜೌಗಿನ ಮೂಲಕ ಹಾಯಿಸಿಯೇ ಕೆರೆಗೆ ಬಿಡುತ್ತಾರೆ.

ಇಷ್ಟಾದ ಮೇಲೆ ಹೂಳೆತ್ತಿರಿ. ತಳದಲ್ಲಿ ಆಮ್ಲಜನಕ ಮುಗಿದಾಗ ಹೂಳಿನ ರಂಜಕ ನೀರಿಗೆ ಬಿಡುಗಡೆಯಾಗುವುದರಿಂದ ಅದನ್ನು ತೆಗೆಯುವುದು ಪ್ರಯೋಜನಕರವೇ. ಕಾರ್ಖಾನೆಯ ತ್ಯಾಜ್ಯ ಸೇರದ ಕೆರೆಯಾದರೆ ಆ ಗೋಡು ಹೊಲಕ್ಕೂ ಒಳ್ಳೆಯದು. ಕಲ್ಲಿನ ಗೋಡೆಯನ್ನು ಮಾತ್ರ ದಯವಿಟ್ಟು ಕೈಬಿಡಿ. ಇಳಿಜಾರು ದಡ ಹೋದರೆ ಜೊಂಡಿಗೂ ಹಕ್ಕಿಗಳಿಗೂ ನೆಲೆಯಿಲ್ಲದಂತಾಗುತ್ತದೆ.

ನೀರಿನ ಮೇಲೆ ಬಣ್ಣ ಚೆಲ್ಲಿದಂತೆ ನೀಲಿ-ಹಸಿರು ಕೆನೆ ಕಟ್ಟಿರುವ ದಿನಗಳಲ್ಲಿ ದನಕರುಗಳನ್ನು ಅಲ್ಲಿ ನೀರಿಗೆ ಬಿಡಬೇಡಿ, ಮಕ್ಕಳನ್ನು ಈಜಲು ಕಳಿಸಬೇಡಿ. ಅಂಥ ಪಾಚಿಗಳಲ್ಲಿ ಕೆಲವು ಯಕೃತ್ತಿಗೆ ಹಾನಿ ಮಾಡುವ ವಿಷವನ್ನು ಉತ್ಪತ್ತಿ ಮಾಡುತ್ತವೆ.